ಉಬ್ರಾಣಿಯ ಆ ಹಾಡು ಎಐ ಮಾಡಿದ್ದಲ್ಲ

ನಮ್ಮ ಚನ್ನಗಿರಿ ಕಡೆ ಈಗಲೂ ಒಂದು ಕಥೆ ಓಡಾಡುತ್ತಿದೆ. ಉಬ್ರಾಣಿಯ ಅಜ್ಜಿಯೊಬ್ಬರು ಮದುವೆ ಊಟದಲ್ಲಿ ಬೀಗರನ್ನು ಜರಿದು ಹಾಡಿದ ವಿಡಿಯೋ ಊರೂರು ತಿರುಗಿತಂತೆ, ಜನ ನಂಬಿ ಮೋಸಹೋದರಂತೆ, ಕೊನೆಗೆ ‘ಮಂಡಕ್ಕಿ ಟೆಕ್’ ಎನ್ನುವ ಪೇಜಿನ ಯಾವನೋ ಬುದ್ಧಿವಂತ ಅದು ಎಐ ಮಾಡಿದ ನಕಲಿ ಎಂದು ಪುರಾವೆ ಸಮೇತ ಬಯಲು ಮಾಡಿದನಂತೆ. ಈ ಕಥೆಯಲ್ಲಿ ನಿಜ ಇರುವುದು ಒಂದೇ — ವಿಡಿಯೋ ಊರೂರು ತಿರುಗಿದ್ದು. ಹಾಡಿದವರು ರಕ್ತಮಾಂಸದ ಮನುಷ್ಯರು, ಹೆಸರು ಹನುಮಕ್ಕ. ಮೋಸ ಮಾಡಿದವನು ಆ ಬುದ್ಧಿವಂತ. ಆ ಪೇಜು ನನ್ನದು. ಅಷ್ಟೇ ಅಲ್ಲ — ಹನುಮಕ್ಕಜ್ಜಿ ಹಾಡುವಾಗ ನಾನು ಅವರ ಎದುರಿಗೇ ಎಲೆ ಮುಂದೆ ಕೂತಿದ್ದೆ.

ಪೇಜಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೇನೆ. ಹೋಗಿಬರುವ ಬಸ್ಸಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಟೆಕ್ ಸುದ್ದಿಗಳನ್ನು ಗೇಲಿ ಮಾಡಿ ಬರೆಯತೊಡಗಿದ್ದೆ. ಹೊಸ ಫೋನ್ ಬಂದರೆ, ‘ಹಳೆಯದಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಇದರ ಕಂತು ಇನ್ನೂ ಮುಗಿದಿಲ್ಲ’ ಎಂದು. ಯಾವುದೋ ಆಪ್ ಅರ್ಧ ದಿನ ಕೆಟ್ಟು ನಿಂತಾಗ, ‘ಇವತ್ತು ಜಗಳೂರಿನ ಜನ ಮನೆಯವರ ಮುಖ ನೋಡಿದರು, ಪರಿಚಯ ಇನ್ನೂ ನಡೆಯುತ್ತಿದೆ’ ಎಂದು. ಬಟ್ಟೆ ಮಡಚುವ ರೋಬೋಟಿನ ವಿಡಿಯೋ ತೋರಿಸಿದಾಗ ಅಮ್ಮ, “ಅದಿರ್ಲಿ, ನೀನು ಯಾವಾಗ ಮಡಚ್ತೀಯ?” ಅಂದಿದ್ದನ್ನೂ ಹಾಕಿದ್ದೆ. ಅದಕ್ಕೆ ಸಿಕ್ಕ ಮೆಚ್ಚುಗೆ ನನ್ನ ಸ್ವಂತ ಜೋಕುಗಳಿಗೆ ಯಾವತ್ತೂ ಸಿಗಲಿಲ್ಲ. ಪೇಜಿನ ಹಿಂದೆ ಯಾರಿದ್ದಾರೆಂದು ಮನೆಯವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದರಲ್ಲಿ ಒಂದು ಸುಖವಿತ್ತು.

ಇನ್ನು ವಾದ. ನಾನು ವರ್ಷವರ್ಷವೂ ಗೆಲ್ಲುತ್ತಿದ್ದ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂದು ಚೀಟಿ ಎತ್ತಿ ಗೊತ್ತು ಮಾಡುತ್ತಾರೆ. ಚೀಟಿಯಲ್ಲಿ ಯಾವುದು ಬಂದರೂ ಸ್ವಲ್ಪ ಹೊತ್ತಿಗೆ ಅದೇ ನನ್ನ ನಂಬಿಕೆಯಾಗಿಬಿಡುತ್ತಿತ್ತು. ಇದನ್ನು ಪ್ರತಿಭೆ ಎಂದು ತೀರ್ಪುಗಾರರೂ ಹೇಳಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ದೊಡ್ಡಪ್ಪನ ಮಗ ಮಂಜಣ್ಣನಿಗೆ ಉಬ್ರಾಣಿಯ ಹೆಣ್ಣು ತಂದದ್ದು. ಮದುವೆಯ ದಿನ ಊಟಕ್ಕೆ ಮೊದಲು ಛತ್ರದ ಹಜಾರದಲ್ಲಿ ನಾನು ತಂಗಿಯರನ್ನು ಸುತ್ತ ಕೂರಿಸಿಕೊಂಡು, ಫೋನಿನಲ್ಲಿ ಮಾತಾಡುವ ಎಐಯನ್ನು ತೋರಿಸುತ್ತಿದ್ದೆ. ಅದರ ಕೈಲಿ ಕವಿತೆ ಹೇಳಿಸಿದೆ, ಜಾತಕ ಹೇಳಿಸಿದೆ. ಗೋಡೆಗೊರಗಿ ವೀಳ್ಯದೆಲೆ ಒರೆಸುತ್ತಿದ್ದ ಹೆಣ್ಣಿನ ಕಡೆಯ ಹಿರಿಯರೊಬ್ಬರು ನೋಡುತ್ತಿದ್ದರು — ಅವರೇ ಹನುಮಕ್ಕಜ್ಜಿ, ಮದುವಣಗಿತ್ತಿಯ ಪಕ್ಕದ ಮನೆಯವರು. ಅವರಿಗೆ ಕೇಳಲಿ ಎಂದೇ ನಾನು ದನಿ ಏರಿಸಿದೆ.

“ಇನ್ನೊಂದೆರಡು ವರ್ಷ ತಡೀರಿ. ಸೋಬಾನೆ ಪದಾನೂ ಈ ಮಿಷಿನ್ನೇ ಹೇಳ್ತೈತೆ. ಅಜ್ಜೇರಿಗೆಲ್ಲ ರಿಟೈರ್‌ಮೆಂಟು.”

“ಹೌದೇನಪ್ಪಾ?” ಅಂದರು ಅಜ್ಜಿ, ಎಲೆಯಿಂದ ಕಣ್ಣೆತ್ತದೆ. “ಬೀಗರಾಗೆ ಯಾರಿಗೆ ಸಿಟ್ಟು ಜಾಸ್ತಿ, ಯಾರಿಗೆ ಹೊಟ್ಟೆ ಜಾಸ್ತಿ ಅಂತ ಅದಕ್ಕೆ ಗೊತ್ತಾಕತೈತಾ?”

“ಹೇಳಿಕೊಟ್ರೆ ಗೊತ್ತಾಕತೈತಜ್ಜಿ.”

“ಹಂಗಾರೆ ಹೇಳಿಕೊಡಾಕೆ ನಾನೇ ಬೇಕಾತಲ್ಲ!”

ತಂಗಿಯರು ನಕ್ಕರು. ನಾನು ಇನ್ನೊಂದು ವಾದ ಹುಡುಕುವಷ್ಟರಲ್ಲಿ ಊಟಕ್ಕೆ ಕರೆದರು.

ನಮ್ಮ ಕಡೆ ಗಂಡಿನವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ನಿಂತು ಬೀಗರ ಪದ ಹೇಳುತ್ತಾರೆ. ಮೊದಲೇ ಕಟ್ಟಿಟ್ಟ ಹಾಡಲ್ಲ ಅದು. ಒಬ್ಬರು ಎದುರಿಗಿದ್ದವನ ಮುಖ ನೋಡಿ ಅಲ್ಲೇ ಸಾಲು ಕಟ್ಟುತ್ತಾರೆ, ಉಳಿದವರು ಅದನ್ನು ಹಾಗೆಯೇ ತಿರುಗಿ ಹೇಳುತ್ತಾರೆ, ಅಷ್ಟರಲ್ಲಿ ಮುಂದಿನ ಸಾಲು ಸಿದ್ಧವಾಗಿರುತ್ತದೆ. ಪದ ಹಾಕಿಸಿಕೊಂಡವನು ಎದ್ದು ಹೋಗುವಂತಿಲ್ಲ, ಸಿಟ್ಟು ಮಾಡುವಂತಿಲ್ಲ. ಬಾಯಿದ್ದರೆ ತಿರುಗಿ ಪದ ಹೇಳಬೇಕು, ಇಲ್ಲವಾದರೆ ಎಲೆ-ಅಡಿಕೆ ಕೊಟ್ಟು ಸೋತೆ ಅನ್ನಬೇಕು. ಹನುಮಕ್ಕಜ್ಜಿ ದೊಡ್ಡಪ್ಪನ ಮೀಸೆ ಮುಗಿಸಿ, ಮಂಜಣ್ಣನ ಹೊಸ ಬೂಟು ಮುಗಿಸಿ, ನನ್ನೆದುರು ಬಂದು ನಿಂತರು.

ಕೈಯಾಗೆ ಫೋನು ಕಣ್ಣಾಗೆ ಫೋನು
ಪಾಯಸ ಬಡಿಸಿದ್ರೆ ಫೋಟೋ ಹೊಡೆದಾನು
ಅಮೆರಿಕಾದ ಸುದ್ದಿ ಎಲ್ಲಾ ಬಲ್ಲಾನು
ಎಲಿಯಾಗೆ ಉಪ್ಪಿಲ್ಲ ಅಂಬೋದರಿಯಾನು
ಮಿಷಿನ್ನು ಮಾತಾಡ್ತೈತೆ ಅಂತಾನೆ
ಮಗ್ಗುಲವ್ರ ಮಾತಾಡ್ಸದೆ ಕುಂತಾನೆ

ಸಾಲು ಸಾಲಿಗೂ ಪಂಕ್ತಿಯ ಉದ್ದಕ್ಕೂ ನಗು. ನಾನು ನಿಜವಾಗಿಯೂ ಪಾಯಸದ ಫೋಟೋ ತೆಗೆಯುತ್ತಿದ್ದೆ. ನನ್ನ ಎಲೆಯಲ್ಲಿ ನಿಜವಾಗಿಯೂ ಉಪ್ಪಿರಲಿಲ್ಲ.

“ಏನೋ ಡಿಬೇಟು, ಬಾಯಿ ಬಿದ್ದೋತಾ?” ಮಂಜಣ್ಣ ಅತ್ತಲಿಂದ ಕೂಗಿದ. ಬಾಯಿ ಬಿದ್ದೇ ಹೋಗಿತ್ತು. ಇಷ್ಟು ವರ್ಷ ಗೆದ್ದವನಿಗೆ ಒಂದು ಸಾಲು — ಒಂದೇ ಒಂದು ಸಾಲು — ಹೊಳೆಯಲಿಲ್ಲ. ಎಲೆ-ಅಡಿಕೆ ಕೊಟ್ಟೆ, ನಕ್ಕೆ. ಎಲ್ಲರಿಗೂ ಮದುವೆಯ ತಮಾಷೆಯಾಗಿದ್ದದ್ದು ನನಗೆ ಮಾತ್ರ...

ಅಜ್ಜಿಯ ಮೊಮ್ಮಗಳು ರೇಖಾ ಅದನ್ನು ಫೋನಿನಲ್ಲಿ ವಿಡಿಯೋ ಮಾಡಿ ಹಾಕಿದಳು. ಅದರಲ್ಲಿ ಕಾಣುವುದು ಅಜ್ಜಿ ಮತ್ತು ಹಿಂದಿನ ಹೆಂಗಸರು. ನನ್ನದು ಮೊಣಕೈ ಮಾತ್ರ. ವಾರ ಕಳೆಯುವಷ್ಟರಲ್ಲಿ ನ್ಯಾಮತಿಯ ಗೆಳೆಯನಿಂದಲೂ ಬಂತು, ಕಾಲೇಜಿನ ಗುಂಪಿಗೂ ಬಂತು. ‘ಉಪ್ಪರಿಯದ ಬೀಗ ಯಾರೋ, ಮುಖ ತೋರ್ಸ್ರೋ’ ಎಂದು ಕೇಳುತ್ತಿದ್ದರು. ಶಿವಮೊಗ್ಗದ ಕಡೆಯ ಒಬ್ಬರು ತಮ್ಮ ಕಾರ್ಯಕ್ರಮದಲ್ಲಿ ಹಾಡಿಸುತ್ತೇವೆಂದು ಅಜ್ಜಿಯನ್ನು ಕರೆದಿದ್ದರು. ರೇಖಾ ಅದನ್ನೂ ಸಂಭ್ರಮದಿಂದ ಬರೆದುಕೊಂಡಿದ್ದಳು.

ಆಗ ನಾನು ಆ ವಿಡಿಯೋ ಮಾಡಿದೆ. ಮುಖವಿಲ್ಲ, ಬರೀ ದನಿ, ಅದೂ ಮನೆಯವರಿಗೆ ಗುರುತು ಸಿಗದಂತೆ ಸ್ವಲ್ಪ ದಪ್ಪ ಮಾಡಿದ್ದು; ಅಲ್ಲಲ್ಲಿ ಕೆಂಪು ವೃತ್ತ. ನೋಡಿ, ಒಂದು ಗಳಿಗೆ ಅಜ್ಜಿಯ ಬಳೆ ಕೈಯೊಳಗೆ ಕರಗುತ್ತದೆ ಅಂದೆ — ಫಾರ್ವರ್ಡ್ ಆಗಿ ಆಗಿ ಚಿತ್ರ ಕೆಟ್ಟರೆ ಹಾಗಾಗುತ್ತದೆಂದು ನನಗೆ ಗೊತ್ತಿತ್ತು. ಹಿಂದಿನವರು ಪ್ರತಿ ಸಾಲನ್ನೂ ಅಕ್ಷರ ಬಿಡದೆ ತಿರುಗಿ ಹೇಳುತ್ತಾರೆ, ಇದು ಕಾಪಿ-ಪೇಸ್ಟ್ ಅಂದೆ — ನನ್ನ ಸ್ವಂತ ಅಜ್ಜಿ ಬದುಕಿದ್ದಷ್ಟು ದಿನ ಹಾಗೆ ತಿರುಗಿ ಹೇಳುವವರ ಸಾಲಿನಲ್ಲಿ ನಿಂತವರು. ಕೊನೆಯ ಬಾಣವನ್ನು ಎತ್ತಿಟ್ಟುಕೊಂಡಿದ್ದೆ: ‘ಮಿಷಿನ್ನು ಮಾತಾಡ್ತೈತೆ ಎಂಬ ಸಂಗತಿ ಉಬ್ರಾಣಿಯ ಅಜ್ಜಿಗೆ ಹೇಗೆ ಗೊತ್ತಾಯಿತು? ಹಾಡು ಕಟ್ಟಿದ್ದು ಮಿಷಿನ್ನೇ ಆದರೆ ಮಾತ್ರ ತಾನೇ?’

ಹೇಗೆ ಗೊತ್ತಾಯಿತು ಎಂಬುದು ಭೂಮಿಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಊಟಕ್ಕೆ ಸ್ವಲ್ಪ ಮೊದಲು ನಾನೇ ಹೇಳಿದ್ದೆನಲ್ಲ.

ತಮಾಷೆಗೆ ಮಾಡಿದ್ದೆ ಎಂದು ಬರೆಯಬಹುದು. ಆ ವಾದಕ್ಕೆ ನಾನೇ ಉತ್ತರ ಕೊಡುತ್ತೇನೆ — ತಮಾಷೆಯಾಗಿದ್ದರೆ ಕೊನೆಗೆ ಅದು ತಮಾಷೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಜನ ಗಂಭೀರವಾಗಿ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಉಬ್ರಾಣಿಯವರು ಬಂದು, ‘ನಾವು ಅಲ್ಲೇ ಇದ್ವಿ, ಕಣ್ಣಾರೆ ಕಂಡೀವಿ’ ಎಂದು ಬರೆದರು. ‘ಈ ಅಕೌಂಟುಗಳೂ ಬಾಟ್’ ಎಂದು ಉತ್ತರಿಸಿದೆ. ಅದಕ್ಕೆ ಬಿದ್ದ ನಗು ಎಷ್ಟಿತ್ತೆಂದರೆ, ಆಮೇಲೆ ಬಂದ ಪ್ರತಿ ಸಾಕ್ಷಿಗೂ ಬೇರೆಯವರೇ ಆ ಉತ್ತರ ಹಾಕತೊಡಗಿದರು. ನಮ್ಮ ಮನೆಯ ಗುಂಪಿನಲ್ಲಿ ದೊಡ್ಡಮ್ಮ, ‘ಯಾವನೋ ಹುಚ್ಚ, ನಮ್ಮ ಮದುವೆನೇ ಸುಳ್ಳಂತೆ’ ಎಂದು ವಾಯ್ಸ್ ಮೆಸೇಜ್ ಕಳಿಸಿದರು. ನಾನು ಅದಕ್ಕೆ ಹೆಬ್ಬೆರಳೆತ್ತಿದ ಇಮೋಜಿ ಒತ್ತಿದೆ.

ರೇಖಾ ಪೇಜಿಗೆ ಬರೆದಳು: ‘ಸರ್, ನಾನೇ ಶೂಟ್ ಮಾಡಿದ್ದು. ಅವರು ನಮ್ಮಜ್ಜಿ. ದಯವಿಟ್ಟು ತೆಗೀರಿ.’ ಮೂಲ ಫೈಲ್ ಕಳಿಸಿ ಅಂದೆ. ಫೋನಿನಲ್ಲಿ ಜಾಗ ಸಾಲದೆ ಅಳಿಸಿದ್ದಳಂತೆ. ‘ಹಾಗಾದರೆ ಪುರಾವೆ ಇಲ್ಲ ಅಂತಾಯಿತು’ ಎಂದು ಬರೆದು, ಪಕ್ಕದಲ್ಲಿ ಒಂದು ನಗುಮುಖ ಇಟ್ಟೆ. ಶಿವಮೊಗ್ಗದವರು ಯಾಕೆ ಸುಮ್ಮನೆ ವಿವಾದ ಎಂದು ಹಿಂದೆ ಸರಿದರು.

ಇಲ್ಲಿಗೇ ನಿಂತಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಮರುವರ್ಷ ಮಂಜಣ್ಣನ ನಾದಿನಿಯನ್ನು ಹೊನ್ನಾಳಿಗೆ ಕೊಟ್ಟರು. ಉಬ್ರಾಣಿಯಿಂದ ಹೆಣ್ಣಿನ ಕಡೆಯವರ ಜೊತೆ ಹನುಮಕ್ಕಜ್ಜಿ ಬಂದಿದ್ದರು, ನೆಂಟರೆಂದು ನಾವೂ ಹೋಗಿದ್ದೆವು. ಬೀಗರ ಪಂಕ್ತಿ ಕೂತಿತು. ಅಜ್ಜಿ ಮೊದಲ ಸಾಲು ಎತ್ತಿದ್ದೇ ತಡ, ಗಂಡಿನ ಕಡೆಯ ಹುಡುಗರಲ್ಲಿ ಒಬ್ಬ ಕೂಗಿದ:

“ಏ, ಎಐ ಅಜ್ಜಿ ಬಂತು ಕಣ್ರೋ!”

“ಚಾರ್ಜ್ ಐತೇನಜ್ಜಿ?” ಇನ್ನೊಬ್ಬ.

“ವೈಫೈ ಕೊಡ್ರೋ, ಮುಂದಿನ ಸಾಲು ಲೋಡ್ ಆಗ್ಲಿ!”

ಒಳ್ಳೆಯ ಜೋಕುಗಳೇ. ನನ್ನ ಪೇಜಿನಲ್ಲಾದರೆ ನಾನೇ ಹಾಕುತ್ತಿದ್ದೆ. ಅಜ್ಜಿ ಮೊದಲು ನಕ್ಕರು, ಪದಕ್ಕೆ ಪದ ಬಂತು ಎಂಬ ಖುಷಿಯಲ್ಲಿ. ಆಮೇಲೆ ಅವರಿಗೆ ಅರ್ಥವಾಯಿತು — ಇವರು ತಮಾಷೆ ಮಾತ್ರ ಮಾಡುತ್ತಿಲ್ಲ, ಹಾಗಂತ ನಂಬಿಯೂ ಇದ್ದಾರೆ.

“ಅವತ್ತು ಹಾಡಿದ್ದು ನಾನಲ್ಲ ಅಂತೀರೇನ್ರಪ್ಪಾ?”

“ಪ್ರೂಫ್ ಐತಲ್ಲಜ್ಜಿ, ಜಗತ್ತೇ ನೋಡೈತೆ.”

ತಿರುಗಿ ಹೇಳುವ ಹೆಂಗಸರು ಬಾಯಿ ತೆರೆದವರು ಹಾಗೇ ನಿಂತಿದ್ದರು. ಅಜ್ಜಿ ಸುತ್ತ ನೋಡಿದರು. ಅಲ್ಲಿ ದೊಡ್ಡಪ್ಪ ಇದ್ದರು, ಮಂಜಣ್ಣ ಇದ್ದ, ಅವನ ಹೆಂಡತಿ ಇದ್ದಳು. ಅವರನ್ನೆಲ್ಲ ದಾಟಿ ಕಂಬದ ಹತ್ತಿರ ನಿಂತಿದ್ದ ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ಏ ಕಿರಣಾ. ನೀನಿದ್ದೆಲ್ಲಪ್ಪಾ ಅವತ್ತು, ನನ್ನೆದುರಿಗೇ. ಹೇಳು ಇವರಿಗೆ.”

ಪಂಕ್ತಿಯ ಹುಡುಗರು ನನ್ನ ಕಡೆ ತಿರುಗಿದರು. ‘ಹೌದು’ ಅಂದರೆ ಉಪ್ಪರಿಯದ ಬೀಗ ನಾನೇ ಎಂದಾಗುತ್ತದೆ. ಅಲ್ಲಿಂದ ಪೇಜು ಯಾರದು ಎಂಬಲ್ಲಿಗೆ ಹೆಚ್ಚು ದೂರವಿಲ್ಲ. ಇಷ್ಟನ್ನೂ ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಹೇಳಿದ್ದು ಇದು:

“ಗದ್ದಲ ಇತ್ತಲ್ಲಜ್ಜಿ... ಖಚಿತವಾಗಿ ಹೇಳಾಕೆ ಬರಲ್ಲ.”

ಸುಳ್ಳನ್ನು ಕೂಡ ನೇರವಾಗಿ ಹೇಳಲಿಲ್ಲ ನಾನು. ಸಂಶಯದ ಬಟ್ಟೆ ತೊಡಿಸಿ ಹೇಳಿದೆ. ದೊಡ್ಡಪ್ಪ ಸಿಟ್ಟಿನಿಂದ, “ಏನೋ ಹಂಗಂದ್ರೆ, ನಾನಿರ್ಲಿಲ್ವಾ?” ಎಂದು ರೇಗಿದರು, ಮಂಜಣ್ಣ ಹುಡುಗರ ಮೇಲೆ ಹರಿಹಾಯ್ದ. ಅಜ್ಜಿ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. “ಆತು ಬಿಡ್ರಪ್ಪಾ, ಉಣ್ರಿ, ಆರೋಗತೈತೆ” ಅಂದು ಸೆರಗು ಸರಿಪಡಿಸಿಕೊಂಡು ಹೆಂಗಸರ ಹಿಂದೆ ಹೋಗಿ ಕೂತರು. ಆ ಮದುವೆಯಲ್ಲಿ ಬೀಗರು ಬೈಸಿಕೊಳ್ಳದೆ ಉಂಡೆದ್ದರು.

ಅಲ್ಲಿಂದಾಚೆ ಅವರು ಪದ ಹೇಳುವುದನ್ನು ಬಿಟ್ಟರು. ಯಾರಾದರೂ ಕರೆದರೆ, ಗಂಟಲು ಸರಿಯಿಲ್ಲ ಅನ್ನುತ್ತಾರಂತೆ.

ಪೇಜಿನಲ್ಲಿ ನಿಜ ಬರೆದೆ. ನಾನು ಹೇಳಿದ್ದು ಸುಳ್ಳು, ಹಾಡು ಅಸಲಿ ಎಂದೆ. ‘ಎಷ್ಟಕ್ಕೆ ಮಾರ್ಕೊಂಡ್ಯೋ?’ ಎಂದು ಒಬ್ಬ ಕೇಳಿದ. ಪೇಜ್ ಹ್ಯಾಕ್ ಆಗಿದೆ ಎಂದ ಇನ್ನೊಬ್ಬ. ‘ಈ ಕ್ಷಮಾಪಣೆನೇ ಎಐ ಬರೆದಂಗೈತೆ’ ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ನಗು ಬಿತ್ತು. ನಂಬದಿರುವುದನ್ನು ಅವರಿಗೆ ಕಲಿಸಿದವನು ನಾನು. ದೂರುವ ಹಕ್ಕಿಲ್ಲ. ಅದೂ ಅಲ್ಲದೆ, ಅಲ್ಲಿಯೂ ನಾನು ಹೆಸರು ಹೇಳಿರಲಿಲ್ಲ, ಎದುರಿಗಿದ್ದೆ ಎಂದು ಹೇಳಿರಲಿಲ್ಲ. ಪೇಜನ್ನು ಮುಚ್ಚಿದ್ದೇನೆ. ಇದನ್ನು ನನ್ನ ಹೆಸರಿನಲ್ಲೇ ಬರೆಯುತ್ತಿದ್ದೇನೆ.

ಬರೆಯುವ ಮೊದಲು ರೇಖಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಇಷ್ಟು ಮಾತ್ರ ಅಂದಳು: “ನಿಮ್ಮ ಆ ವಿಡಿಯೋನ ಅಜ್ಜಿ ನನ್ ಕೈಲಿ ಮತ್ತೆ ಮತ್ತೆ ಹಾಕಿಸ್ಕೊಂಡು ಕೇಳಿತ್ತು, ಹೊನ್ನಾಳಿಗೆ ಹೋಗೋಕೆ ಮುಂಚೆನೇ. ಮುಖ ಇಲ್ಲ, ಏನ್ ಕೇಳ್ತೀಯಜ್ಜಿ ಅಂದ್ರೆ, ‘ಯಾವನೋ ಬೀಗರ ಪೈಕಿಯೋನೇ ಇರಬೇಕು’ ಅಂತ ನಗಾಡಿತ್ತು. ನಾನು ತಮಾಷೆಗಂದ್ಕೊಂಡಿದ್ದೆ.” ಇದನ್ನು ಅಜ್ಜಿಗೆ ಓದಿ ಹೇಳಲು ಒಪ್ಪಿದ್ದಾಳೆ.

ಹನುಮಕ್ಕಜ್ಜಿ, ಕ್ಷಮೆ ಕೇಳಿದರೆ ನೀವು ‘ಆತು ಬಿಡಪ್ಪಾ’ ಅನ್ನುತ್ತೀರಿ. ಅದನ್ನು ನಿಮ್ಮ ಬಾಯಿಂದ ಸುಲಭಕ್ಕೆ ಹೊರಡಿಸುವ ಇಷ್ಟ ನನಗಿಲ್ಲ. ಒಂದು ಮಾತು ಮಾತ್ರ ಕೇಳಬೇಕು. ಅವತ್ತು ಹೊನ್ನಾಳಿಯಲ್ಲಿ, ನಿಮ್ಮ ಪರವಾಗಿ ಮಾತಾಡುವವರು ಅಷ್ಟು ಜನ ಇರುವಾಗ, ಅವರನ್ನೆಲ್ಲ ಬಿಟ್ಟು ನನ್ನನ್ನೇ ಕರೆದು ಹೇಳು ಅಂದಿರಲ್ಲ — ಅದು ನಾನೇ ಎಂದು ಗೊತ್ತಿದ್ದೂ ಕೇಳಿದಿರಾ?