ಬಿಸಿಲೇರುವ ಮುನ್ನ ಬರುವ ಮೀಟರಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆರೆ ದಂಡೆಯ ಬಯಲಿನಲ್ಲಿ, ಕಾರುಗಳ ಹಿಂದೆ ಕಟ್ಟಿಕೊಂಡು ಬಂದ ಇಪ್ಪತ್ತೆರಡು ಮನೆಗಾಡಿಗಳು ಸಾಲಾಗಿ ನಿಂತಿವೆ. ಇಲ್ಲಿ ಕರೆಂಟಿನ ತಂತಿಯಿಲ್ಲ. ಸೋಲಾರ್ ಹಲಗೆ ಮತ್ತು ಬ್ಯಾಟರಿ, ಅವೇ ಗತಿ. ಬ್ಯಾಟರಿ ಅಳೆಯುವ ಮೀಟರ್ ಕುತ್ತಿಗೆಗೆ ನೇತುಹಾಕಿಕೊಂಡ ಹೆಂಗಸೊಬ್ಬರು ಆರನೇ ಗಾಡಿಯ ಮುಂದೆ ಮಂಡಿಯೂರುತ್ತಾರೆ.

ಬಯಲಿನವರಿಗೆಲ್ಲ ಅವರು ಮೀಟರಕ್ಕ. ಹದಿನಾಲ್ಕು ವರ್ಷ ಬ್ಯಾಟರಿ ಅಂಗಡಿಯಲ್ಲಿ ದುಡಿದವರು. ಉಟ್ಟ ಬಟ್ಟೆಗೆಲ್ಲ ಆಸಿಡ್ಡಿನ ತೂತು. ಅಂಗಡಿ ಮುಚ್ಚಿದ ಮೇಲೆ ಈ ಕೆಲಸ ಸಿಕ್ಕಿತು. ದಿನಾ ಇಪ್ಪತ್ತೆರಡು ಗಾಡಿ, ಅದೂ ಸೂರ್ಯ ಮೇಲೇಳುವುದರೊಳಗೆ. ಯಾಕಿಷ್ಟು ಅವಸರ ಎಂದರೆ ನಗುತ್ತಾರೆ. "ಬಿಸಿಲು ಬಿದ್ಮೇಲೆ ಚಾರ್ಜ್ ಆಗ್ತಿರೋ ಬ್ಯಾಟರಿ ಇಲ್ಲದ ಬಲ ತೋರಿಸಿ ಸುಳ್ಳು ಹೇಳುತ್ತೆ. ನೆಂಟರೆದುರು ಎಲ್ಲರ ಮನೇನೂ ಚೆಂದಾನೇ ಅಲ್ವಾ?"

ಆರನೇ ಗಾಡಿಯಲ್ಲಿರುವುದು ವಯಸ್ಸಾದ ದಂಪತಿ. ಯಜಮಾನರು ವರ್ಷವಿಡೀ ಹಾಸಿಗೆ ಹಿಡಿದು ಎದ್ದವರು. ಮಲಗಿದಾಗ ಉಸಿರಾಟಕ್ಕೆ ಮೆಷಿನ್ ಬೇಕೇ ಬೇಕು. ಚೇತರಿಸಿಕೊಂಡ ಮೇಲೆ ಇದೇ ಮೊದಲ ತಿರುಗಾಟ. ನಿನ್ನೆ ಬೆಳಿಗ್ಗೆ ಮೀಟರ್ ಹನ್ನೊಂದೂವರೆ ವೋಲ್ಟ್ ತೋರಿಸಿತ್ತು. ಹನ್ನೆರಡರ ಕೆಳಗಿಳಿದರೆ ಮೆಷಿನ್ ಯಾವಾಗ ನಿಲ್ಲುತ್ತದೋ ಹೇಳಲಾಗದು. ಇವತ್ತೂ ಹಾಗೇ ಆದರೆ ಗಂಟುಮೂಟೆ ಕಟ್ಟಬೇಕು. "ಮೊನ್ನೆ ಮಧ್ಯಾಹ್ನ ಗಾಡಿ ಒಳಗಿನ ಮೀಟರಲ್ಲಿ ಹದಿಮೂರಿತ್ತಲ್ಲಮ್ಮ!" ಎಂದು ಅವರ ಹೆಂಡತಿ ಕಣ್ಣೀರಿಟ್ಟಿದ್ದರು.

"ಕೂತು ಉಣ್ಣೋರಿಗೆ ಕುಡಿಕೆ ಹೊನ್ನೂ ಸಾಲದಂತೆ. ಇಲ್ಲಿ ಕೂತು ಉಣ್ತಿರೋರು ಯಾರು ಅಂತ ಹುಡುಕಿದೆ," ಎನ್ನುತ್ತಾರೆ ಮೀಟರಕ್ಕ. ಫ್ರಿಜ್ಜಲ್ಲ, ಫ್ಯಾನಲ್ಲ, ದೀಪವೂ ಅಲ್ಲ. ಎಂದೂ ಹಗಲು ಬಾರದವರು ನಿನ್ನೆ ಹತ್ತು ಗಂಟೆಗೆ ಮತ್ತೆ ಬಂದರು. ಗಾಡಿಯ ಪಕ್ಕ ಒರಗಿಸಿಟ್ಟ ಸೋಲಾರ್ ಹಲಗೆಯ ಮೇಲೆ ಯಜಮಾನರ ಟವೆಲ್ಲು ಆರಾಮಾಗಿ ಒಣಗುತ್ತಿತ್ತು! ಒಂದು ಮೂಲೆ ಮುಚ್ಚಿದರೂ ಹಲಗೆ ಮಂಕಾಗುತ್ತದೆ. "ಅಲ್ಲೇ ಬಿಸಿಲು ಚೆನ್ನಾಗಿ ಬೀಳುತ್ತೆ ಅಂತ ಹರಡಿದ್ದೆ ಕಣಮ್ಮ," ಎಂದರಂತೆ ಹೆಂಡತಿ, ಟವೆಲ್ಲು ತೆಗೆಯುತ್ತಾ.

ಈಗ ಮೀಟರಿನ ಮುಳ್ಳು ಏಳುತ್ತದೆ. ಹನ್ನೆರಡೂವರೆ.

"ಉಸ್ಸಪ್ಪಾ!" ಮೀಟರಕ್ಕ ಹುಲ್ಲಿನ ಮೇಲೆ ಕುಕ್ಕರಿಸುತ್ತಾರೆ. ಹೋದ ಜೀವ ಬಂದಂತಾಗಿದೆ. ಒಳಗೆ ಮೆಷಿನ್ನಿನ ಸದ್ದು ಒಂದೇ ಸಮನೆ ಕೇಳುತ್ತಿದೆ. ಕೆದರಿದ ಕೂದಲಲ್ಲೇ ಅಜ್ಜಿ ಬಾಗಿಲು ತೆರೆಯುತ್ತಾರೆ.

"ಬಂದಾಗಿನಿಂದ ಎರಡು ರಾತ್ರಿ ಆ ಸದ್ದಿಗೇ ಕಿವಿ ಕೊಟ್ಟು ಕೂತಿದ್ದೆ. ಇವತ್ತು ನಂಗೂ ನಿದ್ದೆ ಬಂದ್ಬಿಡ್ತು ಕಣಮ್ಮ."

"ಇನ್ನೂ ಎರಡು ದಿನ ಇರಿ ಅಮ್ಮಾ. ಟವೆಲ್ಲಿಗೆ ಹಗ್ಗ ನಾನು ಕಟ್ಕೊಡ್ತೀನಿ."

ನಿಮಗೇನು ಆಸೆ ಎಂದರೆ ಮೀಟರಕ್ಕ ಮೀಟರನ್ನು ಮತ್ತೆ ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ. "ಒಂದಿನ ನಾನೂ ಇಂಥ ಗಾಡೀಲಿ ಮಲಗ್ಬೇಕು. ಬೆಳಿಗ್ಗೆ ಬೇರೆ ಯಾರಾದ್ರೂ ಬಂದು ಮೀಟರ್ ಹಿಡೀಲಿ." ಆಮೇಲೆ ಏಳನೇ ಗಾಡಿಯತ್ತ ಹೊರಟವರು ತಿರುಗಿ ನಗುತ್ತಾರೆ. "ಹಿಡಿದ್ರೂ, ನಾನೊಂದ್ಸಲ ಎದ್ದು ನೋಡೇ ನೋಡ್ತೀನಿ ಬಿಡಿ."