‘ಇಲ್ಲ’ವನ್ನು ಒಪ್ಪದ ವೈದ್ಯೆ

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡಿಗರಲ್ಲಿ ಶ್ವಾಸಕೋಶ ತಜ್ಞೆ ಡಾ. ವಾರಿಜಾ ಅವರನ್ನು ಅರಿಯದವರು ವಿರಳ. ಉಡುಪಿಯಿಂದ ಬಂದು ಗ್ಲೆಂಡೇಲ್‌ನಲ್ಲಿ ಕ್ಲಿನಿಕ್ ತೆರೆದು, ಈ 2019ರಲ್ಲಿ ನಿವೃತ್ತರಾಗುತ್ತಿರುವ ಅವರೊಡನೆ ಕಿರಿಯ ವೈದ್ಯೆಯಾಗಿ ದುಡಿಯುವ ಭಾಗ್ಯ 2008ರಿಂದ ನನ್ನದಾಗಿದೆ. ಅವರ ಸೌಜನ್ಯವನ್ನು ಬೇರೆಯವರು ಬರೆದಾರು. ನಾನು ಅವರ ಹಟವನ್ನು ಬರೆಯುತ್ತೇನೆ.

2014ರಲ್ಲಿ ಸ್ಯಾನ್ ಡಿಯಾಗೋದಿಂದ ಅಶ್ವಿತಾ ಎಂಬ ಯುವತಿ ಬಂದಳು. ನೌಕಾಪಡೆ ಸೇರಲು ಹೊರಟವಳು. ಹೈಸ್ಕೂಲಿನಲ್ಲಿದ್ದಾಗ ಕಾಡ್ಗಿಚ್ಚಿನ ಹೊಗೆಗೆ ಕೆಮ್ಮಿದವಳಿಗೆ ಯಾರೋ ಇನ್‌ಹೇಲರ್ ಕೊಟ್ಟು, ಆಸ್ತಮಾ ಎಂದು ಬರೆದಿದ್ದರು. ಆಸ್ತಮಾ ಇದ್ದವರನ್ನು ನೌಕಾಪಡೆ ಸೇರಿಸಿಕೊಳ್ಳದು; ಆ ಒಂದು ಪದದಿಂದಾಗಿ ಅವಳಿಗೆ ವೈದ್ಯಕೀಯ ವಿನಾಯಿತಿ ಬೇಕಾಗಿತ್ತು. ಕೇಳಿದ್ದಕ್ಕೆ ‘ಇಲ್ಲ’ ಎಂಬ ಉತ್ತರ ಬಂದಿತ್ತು.

“ಆಂಟಿ, ಮುಚ್ಚಿಟ್ಟು ಮತ್ತೆ ಅಪ್ಲೈ ಮಾಡು ಅಂತಾರೆ ಎಲ್ಲರೂ,” ಎಂದಳು.

“ಎಂತ ಕಳವು ಮಾಡಿದ್ದೀ ನೀನು, ಮುಚ್ಚಿಡ್ಲಿಕ್ಕೆ?” ಡಾಕ್ಟರ್ ಸಿಡುಕಿದರು. “ನಾನು ಟೆಸ್ಟ್ ಮಾಡ್ತೇನೆ. ಆಸ್ತಮಾ ಇದ್ರೆ ಉಂಟು ಅಂತ್ಲೇ ಬರೀತೇನೆ. ಇಲ್ಲದಿದ್ರೆ ಅವರನ್ನು ಬಿಡುವುದಿಲ್ಲ.”

ಅಶ್ವಿತಾಳ ಮುಖ ಬಿಳಿಚಿತು. ಆದರೂ ಒಪ್ಪಿದಳು. ಶ್ವಾಸನಾಳವನ್ನು ಕೆರಳಿಸುವ ಔಷಧವನ್ನು ಹಂತಹಂತವಾಗಿ ಏರಿಸಿ ಉಸಿರಾಡಿಸಿದೆವು. ಇನ್ನೊಂದು ದಿನ ಟ್ರೆಡ್‌ಮಿಲ್ ಮೇಲೆ ಸುಸ್ತಾಗುವವರೆಗೆ ಓಡಿಸಿದೆವು. ಅವಳ ಉಸಿರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

ನೌಕಾಪಡೆಗೆ ಕಳಿಸಿದ ನಮ್ಮ ವರದಿಗೂ ಅದೇ ನಿರಾಕರಣೆ ಬಂದಾಗ ನಾನು ಕೈಚೆಲ್ಲಿದ್ದೆ. ಡಾಕ್ಟರ್ ಮಾತ್ರ ರೋಗಿಗಳ ನಡುವಿನ ಬಿಡುವಿನಲ್ಲೆಲ್ಲ ಅವರ ಕಚೇರಿಗಳಿಗೆ ಫೋನ್ ಮಾಡುತ್ತ ಕೂತರು. ಕೊನೆಗೊಮ್ಮೆ ನೌಕಾಪಡೆಯ ವೈದ್ಯರೊಬ್ಬರು ಸಿಕ್ಕಿ, ನಡುಗಡಲಿನಲ್ಲಿ ಉಸಿರು ಕಟ್ಟಿದರೆ ಹೊಣೆ ಯಾರೆಂದು ಕೇಳಿದರು. ಹೊಗೆಗೆ ಕೆಮ್ಮದವರಾರು, ಹಳೆಯ ಪದವನ್ನು ಬಿಟ್ಟು ಈಗಿನ ಹುಡುಗಿಯನ್ನು ಕರೆದು ನೀವೇ ಪರೀಕ್ಷಿಸಿ, ಅವಳ ಉಸಿರಿಗೆ ನನ್ನ ಹೆಸರೇ ಜಾಮೀನು ಎಂದು ಇವರು ದನಿ ಏರಿಸದೆ ಹೇಳಿದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಅವರು ಕರೆದರು, ಪರೀಕ್ಷಿಸಿದರು. ವಿನಾಯಿತಿ ದೊರೆಯಿತು.

“ಆಂಟಿ, ದೇ ಸೆಡ್ ಯೆಸ್!” ಎಂದು ಅಶ್ವಿತಾ ಫೋನಿನಲ್ಲಿ ಕಿರುಚಿದಳು.

“ಹೇಳದೆ ಎಲ್ಲಿಗೆ ಹೋಗ್ತಾರೆ ಮಾರಾಯ್ತಿ!” ಎಂದ ಡಾಕ್ಟರ್ ಮುಂದಿನ ರೋಗಿಯನ್ನು ಕರೆದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದು ನನಗಷ್ಟೇ ಕಂಡಿತು.

ನಿವೃತ್ತಿಯ ಬಳಿಕ ಡೈಮಂಡ್ ಬಾರ್ ಎಂಬ ಊರಿನ ತಮ್ಮ ಮನೆಯಲ್ಲೇ, ಹೀಗೆ ಬಾಗಿಲು ಮುಚ್ಚಿಸಿಕೊಂಡವರಿಗೆ ಸಲಹೆ ನೀಡುವುದಾಗಿ ಅವರು ಈಗಾಗಲೇ ಸಾರಿದ್ದಾರೆ. ವಿಶ್ರಾಂತಿಯನ್ನು ಹಾರೈಸಿ ಬೈಸಿಕೊಳ್ಳಲಾರೆ. ಅವರು ನೂರ್ಕಾಲ ಬಾಳಲಿ. ಅವರ ಫೋನ್ ಬಂದಾಗ ಕಚೇರಿಗಳು ಇನ್ನೂ ಬಹುಕಾಲ ಬೆಚ್ಚಲಿ.