ತೇಪೆಯಕ್ಕನ ಬಾಗಿಲು

ಹೊಟ್ಟೆ ದಪ್ಪಗಿನ ಸರಕು ವಿಮಾನಗಳನ್ನೇ ನೌಕರಿಯುದ್ದಕ್ಕೂ ಹಾರಿಸಿದ್ದಕ್ಕೆ ವಾಯುಪಡೆಯಲ್ಲಿ ಅವರಿಗೆ ಸಿಕ್ಕ ಬಿರುದು ‘ಲಾರಿ’. ಕೊಟ್ಟವರು ಯುದ್ಧವಿಮಾನದವರು. ತಾವೆಲ್ಲ ಬಾಣ, ಮಿಂಚು, ಗರುಡ. ಅಕ್ಕಿ ಮೂಟೆಯನ್ನೂ ಔಷಧಿಯನ್ನೂ ಒಮ್ಮೊಮ್ಮೆ ಹೆಣದ ಪೆಟ್ಟಿಗೆಯನ್ನೂ ಹೊತ್ತು ತಿರುಗುವವನು ಲಾರಿ. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ಲಾರಿ ಬರದಿದ್ದರೆ ಗರುಡನಿಗೂ ಗಂಜಿಯಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಿವೃತ್ತಿಯಾಯಿತು, ಮಂಡಿ ಸವೆಯಿತು, ಹಲ್ಲು ಅರ್ಧಕ್ಕರ್ಧ ಕಟ್ಟಿಸಿದ್ದಾಯಿತು. ಹೆಸರು ಮಾತ್ರ ಸವೆಯಲಿಲ್ಲ.

ಹಿಂದಿನ ಬಾಲ್ಕನಿಗೆ ಗಾಜು ಹಾಕಿಸಿ, ಬಟ್ಟೆ ಒಗೆಯುವ ಮಷೀನಿನ ಪಕ್ಕ ಇಸ್ತ್ರಿ ಮೇಜನ್ನು ಕಾಯಮ್ಮಾಗಿ ಬಿಡಿಸಿಟ್ಟು, ಲಾರಿಯವರು ತಾವು ಹಾರಿಸಿದ ವಿಮಾನಗಳನ್ನು ಒಂದೊಂದಾಗಿ ಮತ್ತೆ ಕಟ್ಟುತ್ತಿದ್ದರು. ಅಳತೆ ನಿಜವಾದದ್ದರ ಎಪ್ಪತ್ತೆರಡರಲ್ಲಿ ಒಂದು ಪಾಲು. ಪ್ಲಾಸ್ಟಿಕ್ಕಿನ ರೆಕ್ಕೆ, ಚಿಮುಟ, ಅಂಟು, ನಾಲ್ಕೇ ಕೂದಲಿನ ಕುಂಚ. ಕೈ ನಡುಗುತ್ತಿತ್ತು. ಚಕ್ರ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು.

“ಅಷ್ಟು ದೊಡ್ಡದನ್ನ ಮೋಡದೊಳಗಿಂದ ಇಳಿಸ್ತಿದ್ದೋರು, ಈ ಕಡ್ಡಿ ಹಿಡ್ಕೊಂಡು ನಡುಗ್ತೀರಲ್ರೀ,” ಎನ್ನುತ್ತಿದ್ದರು ಹೆಂಡತಿ, ಒದ್ದೆ ಬಟ್ಟೆಯ ಬಕೆಟ್ಟನ್ನು ಅವರ ಕಾಲ ಬಳಿಯೇ ಕುಕ್ಕಿ.

“ಅದು ತಾನಾಗೇ ಇಳೀತಿತ್ತು ಕಣೇ. ನಾನು ಸುಮ್ನೆ ಕೂತಿರ್ತಿದ್ದೆ.”

“ಸಂಬಳ ಕೊಡೋರಿಗೆ ಈ ವಿಷಯ ಗೊತ್ತಿತ್ತಾ?”

ಹಾರಿಸಿದವರಿಗೆಲ್ಲ ಈ ಹುಚ್ಚು ಇದೆ. ಬಸ್ ಓಡಿಸಿದವನು ನಿವೃತ್ತನಾದ ಮೇಲೂ ತನ್ನ ಬಸ್ಸನ್ನು ರಸ್ತೆಯಲ್ಲಿ ಕಂಡು ಕೈ ಬೀಸಬಹುದು. ಇವರು ಹಾರಿಸಿದ ವಿಮಾನವನ್ನೋ ಸರ್ಕಾರದವರು ಗರಗಸದಲ್ಲಿ ಕೊಯ್ದು ಗುಜರಿಗೆ ತೂಕಕ್ಕೆ ಮಾರಿರುತ್ತಾರೆ. ಹಾಗಾಗಿ ಪ್ರಾಯದಲ್ಲಿ ಆಕಾಶವೂ ಸಾಲದೆ ಹೋದ ಗಂಡಸರು ಮುದಿತನದಲ್ಲಿ ಶೋಕೇಸಿನ ಮುಂದೆ ನಿಂತು, “ನನ್ನದು ಇದು, ಮೂಗಿನ ಹತ್ತಿರ ಸೊಟ್ಟ ಇತ್ತಲ್ಲ, ಅದೇ,” ಎಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ನಗುವವರು ನಗಲಿ. ದೇಶ ಅವರಿಂದ ತೆಗೆದುಕೊಂಡದ್ದಕ್ಕೆ ಹೋಲಿಸಿದರೆ ಅವರು ಇಟ್ಟುಕೊಂಡದ್ದು ಅಂಗೈಯಷ್ಟು.

ನಿವೃತ್ತ ಪೈಲಟ್‌ಗಳ ಕ್ಲಬ್ಬಿನಲ್ಲಿ ಅಂಥದೊಂದು ಶೋಕೇಸ್ ಇತ್ತು. ಅದಕ್ಕೊಂದು ಕಟ್ಟಳೆಯೂ ಇತ್ತು. ಕೆಳಗಿನ ಸಾಲುಗಳಲ್ಲಿ ಯಾರು ಬೇಕಾದರೂ ತಮ್ಮ ಮಾದರಿ ಇಡಬಹುದು. ಮೇಲಿನ ಸಾಲು ಬಿದ್ದ ವಿಮಾನಗಳಿಗೆ. ಅಲ್ಲಿಗೆ ಹೋಗುವುದನ್ನು ಅದೇ ವಿಮಾನ ಹಾರಿಸಿದ್ದ ಇನ್ನೊಬ್ಬರು ಕಟ್ಟಬೇಕು. ಸತ್ತವನ ಮನೆಯವರು ತಮ್ಮ ಕೈಯಾರೆ ಇಡಬೇಕು. ಬಾಯಿಬಿಟ್ಟು ಯಾರೂ ಹೇಳದ ಮೂರನೆಯದೂ ಒಂದಿತ್ತು: ತನಿಖೆಯಲ್ಲಿ ‘ಪೈಲಟ್ ತಪ್ಪು’ ಎಂದು ಬಂದವನಿಗೆ ಮೇಲಿನ ಸಾಲಿಲ್ಲ.

ವಿಮಾನದೊಂದಿಗೆ ಬಿದ್ದು ಸತ್ತ ಗೆಳೆಯ ಗುಬ್ಬಿಗೆ ಇಷ್ಟು ವರ್ಷ ಅಲ್ಲಿ ಜಾಗ ಸಿಗದೇ ಇದ್ದದ್ದು ಅದಕ್ಕೆ. ಆರಡಿ ಮೇಲೆ ಬೆಳೆದು, ಬಾಗಿಲಿಗೆಲ್ಲ ತಲೆ ಬಡಿಸಿಕೊಳ್ಳುತ್ತಿದ್ದವನಿಗೆ ಗುಬ್ಬಿ ಎಂದು ಹೆಸರಿಟ್ಟವರು ಲಾರಿಯವರೇ. ಇಬ್ಬರೂ ಸರದಿಯ ಮೇಲೆ ಹಾರಿಸುತ್ತಿದ್ದ ವಿಮಾನದ ಹಿಂಬಾಗಿಲು ಅದರದ್ದಾಗಿರಲಿಲ್ಲ. ಬಿಡಿಭಾಗ ಬರಲಿಲ್ಲವೆಂದು ಮೂಲೆಗೆ ಬಿದ್ದಿದ್ದ ಬೇರೊಂದು ವಿಮಾನದ ಬಾಗಿಲನ್ನು ಕಿತ್ತು ತಂದು ಹಾಕಿದ್ದರು. ಬೆಳ್ಳಿ ಬಣ್ಣದ ಮೈಗೆ ಹಸಿರು ಬಾಗಿಲು. ಚೌಕಟ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಒಂದಂಚು ಹೊರಗೇ ಉಬ್ಬಿಕೊಂಡಿರುತ್ತಿತ್ತು. ಇಬ್ಬರು ಭುಜ ಕೊಟ್ಟು ಮುಚ್ಚಿ, ಒಳಗಿಂದ ಹಗ್ಗ ಬಿಗಿಯಬೇಕಿತ್ತು. ಅದಕ್ಕೇ ಆ ವಿಮಾನಕ್ಕೆ ‘ತೇಪೆಯಕ್ಕ’ ಎಂದು ಹೆಸರು. ದೂರು ಕೊಟ್ಟಾಗಲೆಲ್ಲ, ಹೊಸ ಬಾಗಿಲು ಬರುತ್ತಿದೆ, ದಾರಿಯಲ್ಲಿದೆ ಎಂಬ ಉತ್ತರ.

ಬಾಗಿಲು ದಾರಿಯಲ್ಲೇ ಉಳಿಯಿತು. ಒಂದು ಬೆಳಿಗ್ಗೆ ಗುಬ್ಬಿ ಹಾರಿಸುತ್ತಿದ್ದಾಗ ಹಸಿರು ಬಾಗಿಲು ಕಿತ್ತುಹೋಗಿ ಬಾಲಕ್ಕೆ ಬಡಿದು, ವಿಮಾನ ನೆಲಕ್ಕೆ ಬಿತ್ತು. ತನಿಖೆ ಮಾಡಿದವರು ಹೇಳಿದ್ದು: ಹೊರಡುವ ಮುನ್ನ ಪೈಲಟ್ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಲಾರಿಯವರು ಅವರೆದುರು ಕೂತು ಹಗ್ಗದ ವಿಷಯ ಹೇಳಿದ್ದರು. ಅವರು ತಲೆಯಾಡಿಸಿದ್ದರು, ಚಹಾ ತರಿಸಿದ್ದರು. ಬಾಗಿಲು ಕಳಿಸದವರ ಹೆಸರು ಎಲ್ಲೂ ಬರಲಿಲ್ಲ. ಸತ್ತವನ ತಲೆಗೆ ಕಟ್ಟುವುದು ಎಲ್ಲರಿಗೂ ಅನುಕೂಲ. ಅವನು ಎದ್ದು ಬಂದು ಎದುರು ಮಾತಾಡುವುದಿಲ್ಲ.

ಈಗ ಕ್ಲಬ್ಬಿಗೆ ಹೊಸ ಶೋಕೇಸ್ ಬಂದಿತ್ತು. ಒಳಗೆ ದೀಪ, ಗಾಜಿಗೆ ಬೀಗ. ಅದನ್ನು ಉದ್ಘಾಟಿಸಲು ದೊಡ್ಡ ಅಧಿಕಾರಿ ಬರುವವರಿದ್ದರು. ಕ್ಲಬ್ಬಿನ ಕಾರ್ಯದರ್ಶಿ, ಹಳೆಯ ಯುದ್ಧವಿಮಾನದವರು, ಎಲ್ಲರ ಬಾಯಲ್ಲಿ ‘ಬಾಣ’, ಲಾರಿಯವರ ಮನೆಗೆ ಬಂದು ಬಾಲ್ಕನಿಯಲ್ಲಿ ಮಷೀನಿಗೆ ಒರಗಿ ನಿಂತರು.

“ಗುಬ್ಬಿಗೆ ಮೇಲಿನ ಸಾಲಲ್ಲಿ ಜಾಗ ಮಾಡ್ಸಿದೀನಿ ಕಣೋ. ಎಷ್ಟು ಜನರ ಕಾಲು ಹಿಡಿದೆ ಅಂತ ನನಗೇ ಗೊತ್ತು.”

ಲಾರಿಯವರು ಆಗಲೇ ಕಟ್ಟಿ ಮುಗಿಸಿದ್ದ ಮಾದರಿಯನ್ನು ಪೆಟ್ಟಿಗೆಯಿಂದ ತೆಗೆದರು. ಜಾಗ ಸಿಗುತ್ತದೋ ಇಲ್ಲವೋ, ಕಟ್ಟಿದ್ದರು. ಬೆಳ್ಳಿ ಮೈ, ಹಸಿರು ಬಾಗಿಲು. ಬಾಗಿಲಿನ ಒಂದಂಚು ನೂಲೆಳೆಯಷ್ಟು ಉಬ್ಬು. ಬಾಣ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಮುಖದ ನಗು ಇಳಿಯಿತು.

“ಇದು ಬೇಡ. ಬಾಗಿಲು ಬೆಳ್ಳಿ ಮಾಡು.”

“ಹಸಿರು ಇತ್ತಲ್ಲೋ.”

“ಇತ್ತು, ನಾನೂ ನೋಡಿಲ್ವಾ? ಆದ್ರೆ ಬರೋನು ಕೇಳ್ತಾನೆ, ಇದ್ಯಾಕೆ ಹೀಗೆ ಅಂತ. ಕೇಳಿದ್ರೆ ಹೇಳ್ಬೇಕಾಗತ್ತೆ. ಹೇಳಿದ್ರೆ ಜಾಗ ಹೋಗತ್ತೆ. ಜಾಗ ಬೇಕೋ, ಬಾಗಿಲು ಬೇಕೋ, ನೀನೇ ಯೋಚ್ನೆ ಮಾಡು. ಗುಬ್ಬಿ ಹೆಂಡ್ತಿಗೆ, ಆ ತಂಗಿಗೆ, ಕಣ್ಣು ಮಂಜಾಗ್ತಾ ಬಂತು. ಪೂರ್ತಿ ಕಾಣದೇ ಹೋಗೋ ಮುಂಚೆ ಒಂದ್ಸಲ ಅಲ್ಲಿ ಇಟ್ಟು ಬರ್ಲಿ.”

ಬಾಣ ಕೆಟ್ಟವರಲ್ಲ. ನಮ್ಮಲ್ಲಿ ಸುಳ್ಳುಗಳನ್ನು ಸಾಕುವವರು ಬಹುಪಾಲು ಒಳ್ಳೆಯವರೇ. ಯಾರಿಗೋ ಉಪಕಾರವಾಗಲೆಂದೇ ಸಾಕುತ್ತಾರೆ.

ಲಾರಿಯವರಿಗೆ ಜಗಳಕ್ಕೆ ತ್ರಾಣವಿರಲಿಲ್ಲ. ಮಂಡಿ ನೋಯುತ್ತಿತ್ತು. ಒಂದೇ ಮಾತನ್ನು ಕೇಳದವರಿಗೆ ಹೇಳಿ ಹೇಳಿ ಆ ಮಾತಿಗೇ ದಣಿವಾಗಿತ್ತು. ಗುಬ್ಬಿಯ ಹೆಂಡತಿ ಬಾಯಿಬಿಟ್ಟು ಎಂದೂ ಕೇಳಿರಲಿಲ್ಲ. ಆದರೆ ಪ್ರತಿ ವರ್ಷ ಕ್ಲಬ್ಬಿನ ಊಟಕ್ಕೆ ಬಂದಾಗ ಶೋಕೇಸಿನ ಮುಂದೆ ಒಂದು ಗಳಿಗೆ ನಿಂತು, ಮೇಲಿನ ಸಾಲನ್ನು ನೋಡಿ ಹೋಗುತ್ತಿದ್ದರು. ಅವರಿಗೆ ಕೊಡಲು ತನ್ನ ಬಳಿ ಬೇರೆ ಏನಿದೆ? ಲಾರಿಯವರು ಉಬ್ಬಿದ ಅಂಚಿನ ಸುತ್ತ ಪುಟ್ಟಿ ತುಂಬಿದರು, ಉಜ್ಜಿ ಸಮ ಮಾಡಿದರು, ಬೆಳ್ಳಿ ಬಣ್ಣ ಹೊಡೆದರು. ಕೈ ಆ ಹೊತ್ತಿನಲ್ಲಿ ನಡುಗಲೇ ಇಲ್ಲ.

ಹೆಂಡತಿ ಒಣಗಿದ ಬಟ್ಟೆ ಮಡಚುತ್ತ ನೋಡಿದರು. “ಚೆನ್ನಾಗಿ ಕಾಣತ್ತೆ,” ಎಂದರು. ಆಮೇಲೆ, “ಅಷ್ಟು ಚೆನ್ನಾಗಿತ್ತೇನ್ರೀ ಅದು?”

ಅವರು ಕುಂಚ ತೊಳೆಯುತ್ತ ಕೂತರು.

ಉದ್ಘಾಟನೆಯ ದಿನ ಅಧಿಕಾರಿ ರಿಬ್ಬನ್ ಕತ್ತರಿಸಿದರು, ಶೌರ್ಯದ ಬಗ್ಗೆ ಮಾತಾಡಿದರು. ಗುಬ್ಬಿಯ ಹೆಂಡತಿ ಮುಂದಿನ ಕುರ್ಚಿಯಲ್ಲಿದ್ದರು. ಹೆಸರು ಕರೆದಾಗ ಲಾರಿಯವರು ಕೈ ಹಿಡಿದು ಶೋಕೇಸಿನ ತನಕ ನಡೆಸಿಕೊಂಡು ಹೋಗಿ, ಮಾದರಿಯನ್ನು ಅವರ ಅಂಗೈಗಳಲ್ಲಿ ಇಟ್ಟರು. ಬಾಣ ಗಾಜಿನ ಬಾಗಿಲು ತೆರೆದು ನಿಂತರು. ಫೋಟೋದವನು ಮೊಣಕಾಲೂರಿದ.

ಆಕೆ ಇಡಲಿಲ್ಲ. ಕಣ್ಣಿಗೆ ಕಾಣದ್ದನ್ನು ಬೆರಳಲ್ಲಿ ನೋಡುತ್ತಿದ್ದರು: ಮೂಗು, ರೆಕ್ಕೆ, ಚಕ್ರ, ಹಿಂದಕ್ಕೆ ಸರಿದು ಹೊಟ್ಟೆ. ಬೆರಳು ಬಾಗಿಲಿನ ಹತ್ತಿರ ಹೋಗಿ ಬಂದು, ಹೋಗಿ ಬಂದು ನಿಂತಿತು.

“ಅಣ್ಣ, ಇದು ಯಾರ ವಿಮಾನ?”

“ನಿಮ್ಮವರದೇ ಅಮ್ಮ. ತೇಪೆಯಕ್ಕ.”

“ನುಣ್ಣಗಿದೆಯಲ್ಲ.”

ಲಾರಿಯವರು ಪಕ್ಕದಲ್ಲಿದ್ದ ಅಧಿಕಾರಿಯತ್ತ ಒಮ್ಮೆ ನೋಡಿದರು.

“ಭುಜ ತೋರಿಸ್ತಿದ್ರು ನನಗೆ,” ಆಕೆ ಹೇಳಿದರು, ಪಕ್ಕದ ಮನೆಯವರ ಹತ್ತಿರ ಮಾತಾಡುವ ಹಾಗೆ. “ಬಾಗಿಲು ನೂಕಿ ನೂಕಿ ನೀಲಿಗಟ್ಟಿರ್ತಿತ್ತು. ನಾನು ಎಣ್ಣೆ ತಿಕ್ತಿದ್ದೆ. ಒಂದಂಚು ಯಾವಾಗ್ಲೂ ಹೊರಗೇ ಇರತ್ತೆ ಕಣೇ, ನಿನ್ನ ಮಾತಿನ ಹಾಗೆ, ಅಂತಿದ್ರು. ಬಾಗಿಲು ಹಾಕಿಲ್ಲ ಅಂದವರ ಮನೆ ಹಾಳಾಗ್ಲಿ. ಈಗ ನೀವೂ ಅದನ್ನ ಸರಿ ಮಾಡಿಬಿಟ್ರಾ? ಇಷ್ಟು ಸರಿಯಿದ್ದ ಬಾಗಿಲು ಕಿತ್ತು ಹೋಗಿದ್ರೆ ತಪ್ಪು ನಮ್ಮನೆಯವರದೇ ಅಲ್ವಾ ಮತ್ತೆ?”

ಲಾರಿಯವರು ಇಷ್ಟು ದಿನ ಅದನ್ನು ಆ ಕಡೆಯಿಂದ ನೋಡಿಯೇ ಇರಲಿಲ್ಲ. ಜಾಗ ಕೊಡಿಸುತ್ತಿದ್ದೇನೆ ಎಂದುಕೊಂಡು, ಗುಬ್ಬಿಯ ಮೇಲಿನ ತೀರ್ಪನ್ನು ತಮ್ಮ ಕೈಯಿಂದಲೇ ಇನ್ನೊಮ್ಮೆ ಬರೆದು, ಬೆಳ್ಳಿ ಬಣ್ಣ ಹೊಡೆದು, ಅವನ ಹೆಂಡತಿಯ ಕೈಗೆ ಕೊಟ್ಟಿದ್ದರು.

“ಕೊಡಮ್ಮ ಇಲ್ಲಿ,” ಎಂದರು. ಮಾದರಿಯನ್ನು ತೆಗೆದುಕೊಂಡು, ಹೆಬ್ಬೆರಳಿನ ಉಗುರನ್ನು ಬಾಗಿಲಿನ ಅಂಚಿಗೆ ಊರಿ ಗೀರಿದರು. ಪುಟ್ಟಿ ಪುಡಿಪುಡಿಯಾಗಿ ಅಧಿಕಾರಿಯ ಬೂಟಿನ ಮೇಲೆ ಉದುರಿತು. ಬೆಳ್ಳಿ ಸಿಪ್ಪೆ ಎದ್ದು ಹಸಿರು ಕಂಡಿತು.

“ಏನಿದು?” ಅಧಿಕಾರಿ ಬಾಣನನ್ನು ಕೇಳಿದರು.

ಬಾಣ ಲಾರಿಯವರ ಮುಖ ನೋಡಿದರು. “ಸ್ವಲ್ಪ ಕೆಲಸ ಬಾಕಿ ಇದೆ ಸಾರ್,” ಎಂದರು.

“ಕೆಲಸ ಆಗಿದೆ,” ಎಂದರು ಲಾರಿ. “ಬಾಗಿಲು ಹೀಗೇ ಇತ್ತು. ಹಗ್ಗ ಕಟ್ಟಿ ಹಾರಿಸ್ತಿದ್ವಿ. ಆಗಲೂ ಹೇಳಿದ್ದೆ.”

ಹೇಳಿದ ಮೇಲೆ ಏನೂ ಆಗಲಿಲ್ಲ. ಯಾರೂ ಕೂಗಾಡಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು, ಯಾರೋ ಚಹಾ ತಂದರು, ಫೋಟೋದವನು ಬೇರೆ ಕಡೆ ಹೋದ. ಬಾಣ ಒಂದಷ್ಟು ಹೊತ್ತು ಗಾಜಿನ ಬಾಗಿಲು ಹಿಡಿದೇ ನಿಂತಿದ್ದರು. ಆಮೇಲೆ ಮುಚ್ಚಿ ಬೀಗ ಹಾಕಿದರು. ಮೇಲಿನ ಸಾಲಿನಲ್ಲಿ ಗುಬ್ಬಿಗೆಂದು ಬಿಟ್ಟ ಜಾಗದ ಮೇಲೆ ಹೊಸ ದೀಪ ಸುಮ್ಮನೆ ಉರಿಯುತ್ತಿತ್ತು.

ಆಟೋದಲ್ಲಿ ಆಕೆ ಮಾದರಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಉಬ್ಬಿದ ಅಂಚಿನ ಮೇಲೆ ಬೆರಳಿಟ್ಟು ಕೂತಿದ್ದರು.

“ಜಾಗ ಹೋಯ್ತಮ್ಮ,” ಎಂದರು ಲಾರಿ. “ನನ್ನಿಂದಲೇ ಹೋಯ್ತು.”

“ಫ್ರಿಜ್ ಮೇಲೆ ಜಾಗ ಇದೆ ಬಿಡಿ. ಅಲ್ಲಿ ಟೊಮೇಟೊ ಬುಟ್ಟಿ ಇಟ್ಟಿದೀನಿ, ತೆಗೆದ್ರಾಯ್ತು.”

ಎರಡು ಮಹಡಿ ಹತ್ತುವಷ್ಟರಲ್ಲಿ ಇಬ್ಬರಿಗೂ ಏದುಸಿರು. ಸಣ್ಣ ಅಡುಗೆಮನೆ, ತೊಳೆದು ಬೋರಲು ಹಾಕಿದ ಒಂದೇ ತಟ್ಟೆ, ಒಂದೇ ಲೋಟ. ಆಕೆ ಬುಟ್ಟಿ ಇಳಿಸಿದರು, ಫ್ರಿಜ್ಜಿನ ಮೇಲ್ಭಾಗವನ್ನು ಸೆರಗಿನಿಂದ ಒರೆಸಿದರು, ಕಟ್ಟಳೆಯಂತೆ ತಮ್ಮ ಕೈಯಾರೆ ಮಾದರಿಯನ್ನು ಇಟ್ಟರು. ಲಾರಿಯವರು ಕುರ್ಚಿ ಎಳೆದು ಕೂತರು. ಎದ್ದು ಮನೆಗೆ ಹೋಗುವ ಶಕ್ತಿ ಬರಲು ಹೊತ್ತು ಬೇಕಿತ್ತು.

ಫ್ರಿಜ್ ಒಮ್ಮೆ ಗುರ್ರೆಂದು ಶುರುವಾಯಿತು. ಪುಟ್ಟಿ ಬಿಟ್ಟು ಸಡಿಲಾಗಿದ್ದ ಹಸಿರು ಬಾಗಿಲು ತಟತಟ ಅಲುಗತೊಡಗಿತು.

ಆಕೆ ಕಿವಿಗೊಟ್ಟು ಕೇಳಿದರು. “ಹಾರುವಾಗ ಹೀಗೇ ಸದ್ದು ಬರ್ತಿತ್ತಾ ಅಣ್ಣ?”

“ಇನ್ನೂ ಜೋರು. ಒಬ್ಬರ ಮಾತು ಒಬ್ಬರಿಗೆ ಕೇಳ್ತಿರಲಿಲ್ಲ.”

“ಅದಕ್ಕೇ ಮನೇಲೂ ಅಷ್ಟು ಕೂಗಾಡಿ ಮಾತಾಡ್ತಿದ್ರು,” ಎಂದು ಆಕೆ ಒಲೆ ಹಚ್ಚಿದರು.